ಕಳಚುವ ಸದ್ದು

ಟಿಣ್, ಟುಣ್. ಮೇಲಿನಿಂದ ಕೆಳಕ್ಕೆ ಇಳಿಯುವ ಎರಡು ಪುಟ್ಟ ಸ್ವರ. ಕಂಪ್ಯೂಟರಿನಿಂದ ಏನನ್ನಾದರೂ ಕಿತ್ತರೆ ಅದು ಮಾಡುವ ಸದ್ದು. ಅದೂ ನಡುರಾತ್ರಿ, ಎಲ್ಲರೂ ಮಲಗಿದ ಮೇಲೆ.

ಅವಳು ಹೊದಿಕೆಯೊಳಗಿನಿಂದಲೇ ಕಿವಿಗೊಟ್ಟಳು. ಗಂಡನನ್ನು ಎಬ್ಬಿಸಲು ಧೈರ್ಯ ಬರಲಿಲ್ಲ. ಹಿಂದೊಮ್ಮೆ ನಿದ್ದೆಗೆಟ್ಟು, ಇಲ್ಲದ ಸದ್ದುಗಳನ್ನೆಲ್ಲ ಕೇಳಿಸಿಕೊಂಡು, ತಿಂಗಳುಗಟ್ಟಲೆ ಮಾತ್ರೆ ನುಂಗಿದವಳು ಅವಳು. ಆಗ ಮನೆಮಂದಿಯೆಲ್ಲ ಅವಳೆದುರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಅಡುಗೆಮನೆಯ ಚಾಕು ದಿನಕ್ಕೊಂದು ಕಡೆ ಅಡಗುತ್ತಿತ್ತು. ಆ ತಗ್ಗಿದ ದನಿಗಳ ನಡುವೆ ಇನ್ನೊಮ್ಮೆ ಬದುಕುವುದು ತನ್ನಿಂದಾಗದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬೆಳಿಗ್ಗೆ ಕೆಲಸಕ್ಕೆ ಕೂತರೆ ಕೀಬೋರ್ಡ್ ಮಿಸುಕಲಿಲ್ಲ, ಮೌಸಿನ ಹೊಟ್ಟೆಯ ಕೆಂಪು ದೀಪ ಆರಿತ್ತು. ಅವಳದು ಪುಸ್ತಕಗಳ ಪುಟ ಜೋಡಿಸುವ ಕೆಲಸ. ಜೇನುಸಾಕಣೆಯ ಪುಸ್ತಕವೊಂದು ಪರದೆಯ ಮೇಲೆ ರಾತ್ರಿ ಬಿಟ್ಟಂತೆಯೇ ತೆರೆದಿತ್ತು. ಬಿಟ್ಟಂತೆಯೇ ಅಲ್ಲ. ರಾಣಿಹುಳುವಿನ ಸಾಲಿನ ನಡುವೆ ಮೂರು ಪದ ಬಂದು ಕೂತಿದ್ದವು: ಅಲ್ಲಿ ಚಳಿ ಇದೆಯಾ.

ರಿಪೇರಿಯವನಿಗೆ ಫೋನ್ ಮಾಡಿದಳು. ಒಮ್ಮೆ ಆರಿಸಿ ಮತ್ತೆ ಹಚ್ಚಿ ಎಂದ. ಹಚ್ಚಿದಾಗ ಆ ಸಾಲು ಅಳಿದುಹೋಗಿತ್ತು, ಕೀಬೋರ್ಡ್ ಮಾತ್ರ ಹಾಗೇ ಇತ್ತು.

"ಮೇಡಂ, ಮುಂದೆ ಕೂತು ಬೈದರೆ ಆಗಲ್ಲ. ಅದರ ಬೆನ್ನು ನೋಡಿ."

ಬೆನ್ನು ಗೋಡೆಯ ಕಡೆಗಿತ್ತು. ಎರಡೂ ಪಿನ್ನುಗಳು ತಂತಮ್ಮ ಜಾಗದಲ್ಲೇ ಇದ್ದವು. ಆದರೆ ಹೆಬ್ಬೆರಳಿನಿಂದ ಅದುಮಿದರೆ ಒಂದಿಷ್ಟು ಒಳಕ್ಕೆ ಸರಿದವು, ದೀಪ ಹತ್ತಿತು. ತೂತು ಸಡಿಲವಾಗಿರಬೇಕು, ಕಂಪ್ಯೂಟರಿಗೂ ವಯಸ್ಸಾಗುತ್ತದೆ ಎಂದು ಅವನು ನಕ್ಕ. ಪಕ್ಕದ ತೂತಿನಲ್ಲಿ ಉಗುರಿನಷ್ಟು ಕಪ್ಪು ಮುಚ್ಚಳದಂಥದ್ದೇನೋ ಇತ್ತು. ಗೊತ್ತಿಲ್ಲದ್ದನ್ನು ಅವಳು ಮುಟ್ಟುವವಳಲ್ಲ.

ಮರುದಿನವೂ ಅದೇ ಪಾಡು. ಆ ಸಲದ ಸಾಲು: ನೋವು ಹೋಯಿತಾ.

ಕಂಪ್ಯೂಟರ್ ಮೊದಲು ಮಾವನದಾಗಿತ್ತು. ಗಂಟಲಿನ ಕಾಯಿಲೆ ಅವರ ಮಾತು ಕಸಿದ ಮೇಲೆ, ಒಳಕೋಣೆಯ ಮಂಚಕ್ಕೆ ಒರಗಿ, ತಂತಿಯಿಲ್ಲದ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಹೇಳಬೇಕಾದ್ದನ್ನು ಹಜಾರದ ಈ ಪರದೆಗೆ ಕುಟ್ಟುತ್ತಿದ್ದರು. ಅತ್ತೆ ಓದಿಕೊಂಡು ಒಳಗೆ ಹೋಗಿ ಉತ್ತರ ಹೇಳುತ್ತಿದ್ದರು. ಮಾವ ತೀರಿಕೊಂಡ ಮೇಲೆ ಆ ಕೀಬೋರ್ಡ್ ಅವರ ಬಟ್ಟೆಬರೆಯೊಂದಿಗೆ ಯಾರ ಪಾಲಿಗೋ ಹೋಯಿತೆಂದೇ ಎಲ್ಲರೂ ತಿಳಿದಿದ್ದರು.

ಕೊನೆಗೆ ಗಂಡನಿಗೆ ಹೇಳಿದಳು. ಅವನು ರೇಗಲಿಲ್ಲ, ಅದಕ್ಕೇ ಅವಳಿಗೆ ಭಯವಾಯಿತು.

"ನೀನೇ ಬರೆದು ಮರೆತಿರಬಹುದು. ಒಂದ್ಸಲ ಡಾಕ್ಟರನ್ನ ನೋಡ್ಕೊಂಡು ಬರೋಣ್ವಾ?" ಎಂದ, ದನಿ ತಗ್ಗಿಸಿ.

ಅವತ್ತೇ ಗೋಡೆ ಗಡಿಯಾರ ಮತ್ತೊಮ್ಮೆ ನಿಂತಿತ್ತು. ಈಗಿನ ಶೆಲ್ಲುಗಳಿಗೆ ಆಯಸ್ಸೇ ಇಲ್ಲ ಎಂದು ಅತ್ತೆ ಗೊಣಗಿದರು.

ಮಧ್ಯಾಹ್ನ ಅವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಪುಟ ಓದುತ್ತಿದ್ದಳು. ಪರದೆಯ ಮೇಲೆ ಅಕ್ಷರ ಮೂಡಿತು. ತಡೆದು, ಇನ್ನೊಂದು. ಹುಡುಕಿ ಹುಡುಕಿ ಒತ್ತುವ ಬೆರಳಿನ ನಡಿಗೆ. 'ನಾನು ಯಾವಾಗ' ಎನ್ನುವಷ್ಟರಲ್ಲಿ ಒಳಕೋಣೆಯಲ್ಲಿ ಅತ್ತೆ ಕೆಮ್ಮಿದರು. ಅಕ್ಷರಗಳು ನಿಂತವು. ಕೆಮ್ಮು ಅಡಗಿತು. ಆಮೇಲೆ ಬಂತು: 'ಬರಲಿ'.

ಅವಳು ಎದ್ದು ಹೋಗಿ ಬಾಗಿಲು ತಳ್ಳಿದಳು. ಅತ್ತೆಯ ತೊಡೆಯ ಮೇಲೆ ಮಾವನ ಕೀಬೋರ್ಡ್. ಕಂಪ್ಯೂಟರಿನ ಬೆನ್ನಿಗಿದ್ದ ಆ ಕಪ್ಪು ಮುಚ್ಚಳ ಇದರದೇ. ಕದ್ದು ತಿನ್ನುವಾಗ ಸಿಕ್ಕಿಬಿದ್ದ ಮಗುವಿನಂತೆ ಅವರು ಕನ್ನಡಕ ಸರಿಮಾಡಿಕೊಂಡರು.

"ಬರ್ತಿದೆಯೇನೆ ಅಲ್ಲಿ?"

"ಬರ್ತಿದೆ ಅತ್ತೆ."

"ರಾತ್ರಿ ನಿನ್ನ ತಂತಿಗಳನ್ನ ಕೀಳೋಳು ನಾನೇ ಕಣೆ. ಎರಡೆರಡು ಕೀಬೋರ್ಡ್ ಇದ್ರೆ ನಿನ್ನ ಮಾವನಿಗೆ ನನ್ನದು ಯಾವುದು ಅಂತ ತಿಳಿಯಲ್ಲ. ವಾಪಸ್ ಚುಚ್ಚೋಕೆ ಈ ಬೆರಳಲ್ಲಿ ಕಸುವೆಲ್ಲಿದೆ?" ಊದಿದ ಗಂಟುಗಳನ್ನು ಮುಂದೆ ಚಾಚಿದರು. ಆಮೇಲೆ ಮೆಲ್ಲಗೆ, "ಅವರೇನಾದ್ರೂ ಬರೆದ್ರಾ?"

"ಇನ್ನೂ ಇಲ್ಲ."

ಇನ್ನೂ ಎಂದದ್ದೇಕೆಂದು ಅವಳಿಗೇ ತಿಳಿಯಲಿಲ್ಲ. ಇನ್ನು ಮೇಲೆ ಏನನ್ನೂ ಕೀಳಬೇಡಿ, ನಿಮಗೆಂದೇ ಒಂದು ಖಾಲಿ ಪುಟ ತೆರೆದಿಟ್ಟಿರುತ್ತೇನೆ ಎಂದಳು. ಇವತ್ತಿಗೆ ಕೇಳಬೇಕಾದ್ದನ್ನು ಕೇಳಿಯಾಯಿತು ಎನ್ನುತ್ತಾ ಅತ್ತೆ ಕೀಬೋರ್ಡಿನ ಶೆಲ್ಲುಗಳನ್ನು ಬಿಚ್ಚಿ ಅವಳ ಕೈಗಿಟ್ಟರು. ಅವನ್ನು ಹಾಕಿದೊಡನೆ ಗಡಿಯಾರ ಮತ್ತೆ ನಡೆಯಿತು. ಜೇನಿನ ಪುಟದಲ್ಲಿದ್ದ 'ನಾನು ಯಾವಾಗ ಬರಲಿ' ಎಂಬ ಪ್ರಶ್ನೆಯನ್ನು ಅವಳು ಖಾಲಿ ಪುಟದ ತಲೆಗೆ ಸರಿಸಿಟ್ಟಳು.

ಸಂಜೆ ಗಂಡನಿಗೆ ಎಲ್ಲ ಹೇಳಿಬಿಡಬಹುದಿತ್ತು. ಹೇಳಿದರೆ ಅವಳು ಪಾರಾಗುತ್ತಿದ್ದಳು. ಆದರೆ ನಾಳೆಯಿಂದ ಆ ತಗ್ಗಿದ ದನಿಗಳು ಅತ್ತೆಯ ಸುತ್ತ ಸುಳಿಯುತ್ತಿದ್ದವು, ಕೀಬೋರ್ಡ್ ಅಟ್ಟ ಸೇರುತ್ತಿತ್ತು.

"ನಾನೇ ಬರೆದಿರಬೇಕು. ಡಾಕ್ಟರ ಹತ್ರ ಹೋಗೋಣ," ಎಂದಳು.

ಆ ರಾತ್ರಿ ಸದ್ದು ಮತ್ತೆ ಬಂತು. ಟುಣ್, ಟಿಣ್. ಈ ಸಲ ಕೆಳಗಿನಿಂದ ಮೇಲಕ್ಕೆ. ಏನೋ ಬಂದು ಜೋಡಿಕೊಂಡಾಗ ಆಗುವ ಸದ್ದು. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಒಳಕೋಣೆಯಿಂದ ಅತ್ತೆಯ ಗೊರಕೆ ಲಯ ತಪ್ಪದೆ ಕೇಳುತ್ತಿತ್ತು.

ಗಂಡ ದಿಂಬಿನಿಂದ ತಲೆಯೆತ್ತಿದ. "ಏನೇ ಅದು? ನಿಂಗೂ ಕೇಳಿಸ್ತಾ?"

ನಿನ್ನೆ ಈ ಮಾತು ಬಂದಿದ್ದರೆ ಅವಳು ಸಂತೋಷಕ್ಕೆ ಅತ್ತುಬಿಡುತ್ತಿದ್ದಳು.

"ಏನೂ ಇಲ್ವಲ್ಲ. ಮಲಕ್ಕೊಳ್ಳಿ."

ಅವನು ಮಗ್ಗುಲಾದ. ಅವಳು ಕಣ್ಣು ತೆರೆದೇ ಇದ್ದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳಬೇಕು. ಆ ಪುಟದಲ್ಲಿ ಏನೇ ಇರಲಿ, ಅಳಿಸಿಬಿಡಬೇಕು, ಯಾರಿಗೂ ಹೇಳಬಾರದು. ಅತ್ತೆಗಂತೂ ಹೇಳಲೇಬಾರದು. ಅವರು ಕೇಳಿದ್ದ ಪ್ರಶ್ನೆ ಯಾವುದೆಂದು ಅವಳಿಗೆ ನೆನಪಿತ್ತು.