ಜೆರ್ಸಿಗೆ ಹಾಕಿದ ಕತ್ತರಿ

ಅಮಿತಾಳಿಗೆ ಸಿಟ್ಟು ಬಂದರೆ ಎದುರಿಗಿರುವವರು ದೊಡ್ಡವರೋ ಸಣ್ಣವರೋ ಎಂಬ ಪರಿವೆಯೇ ಇರುವುದಿಲ್ಲ. ಆ ಶುಕ್ರವಾರ ಕೊಲ್ಲಿ ದೇಶದ ಅಲ್ ಕುಸೈಸ್‌ನ ಶಾಲಾ ಮೈದಾನದಲ್ಲಿ ಆದದ್ದೂ ಅದೇ.

ಅವಳು ಅದೇ ಶಾಲೆಯಲ್ಲಿ ಅಥ್ಲೆಟಿಕ್ ಟ್ರೈನರ್. ಆಡುವ ಮಕ್ಕಳು ಬಿದ್ದರೆ ಓಡಿಹೋಗುವುದು, ಕಾಲಿಗೆ ಟೇಪ್ ಸುತ್ತುವುದು, ಯಾರು ಆಡಬಹುದು, ಯಾರು ಕೂರಬೇಕು ಎಂದು ಹೇಳುವುದು ಅವಳ ಕೆಲಸ. ಶುಕ್ರವಾರ ರಜೆ. ಆದರೆ ನಮ್ಮವರ ಕಬಡ್ಡಿ ಇದ್ದ ದಿನ ರಜೆ ಎಲ್ಲಿಂದ ಬರಬೇಕು? ಐಸ್ ಡಬ್ಬ ಹೊತ್ತು ಬಿಟ್ಟಿ ಸೇವೆಗೆ ಹಾಜರಾಗಬೇಕು. ಆಟ ಮುಗಿದ ಮೇಲೆ ಕರಾಮ ಬಡಾವಣೆಯ ನಮ್ಮ ಹೆಂಗಸರ ಮಂಡಿನೋವು, ಟ್ಯಾಕ್ಸಿ ಓಡಿಸುವವರ ಸೊಂಟನೋವು ಎಲ್ಲ ಅವಳ ತಲೆಗೇ. "ಅಮಿತಕ್ಕ ಇದ್ರೆ ಒಂದು ಧೈರ್ಯ ಮಾರ್ರೆ" ಎಂದು ಹೊಗಳುವವರಿಗೇನೂ ಬರವಿರಲಿಲ್ಲ. ಹೊಗಳುವುದಕ್ಕೆ ಏನು ಕಷ್ಟ!

ಅಂದು ನಡೆದದ್ದು ಅಕ್ಕು ಸ್ಮಾರಕ ಟ್ರೋಫಿ. ಸತ್ವಾದಲ್ಲಿ ಗ್ಯಾರೇಜ್ ಇಟ್ಟು ಮೇಲೆ ಬಂದ ಚನಿಯಣ್ಣ, ತೀರಿಕೊಂಡ ತಾಯಿಯ ಹೆಸರಲ್ಲಿ ವರ್ಷವೂ ನಡೆಸುವ ಪಂದ್ಯ. ಊರಲ್ಲಾದರೆ ಬ್ಯಾನರಿನಲ್ಲಿ ಒಂದು ಫೋಟೊ ಹಾಕಿದರೆ ಮುಗಿಯಿತು. ಚನಿಯಣ್ಣನಿಗೆ ಅದು ಸಾಲಲಿಲ್ಲ. ತನ್ನ ತಂಡದ ಪ್ರತಿಯೊಬ್ಬನ ಜೆರ್ಸಿಯ ಎದೆಯ ಮೇಲೂ ಅಕ್ಕುವಿನ ಮುಖ ಅಚ್ಚು ಹಾಕಿಸಿದ್ದ. ತನ್ನ ನಂಬರಿನ ಜೆರ್ಸಿ ಇಲ್ಲದವನು ಅಂಕಣಕ್ಕೆ ಇಳಿಯುವಂತಿಲ್ಲ ಎಂಬ ನಿಯಮವೂ ಅವನದೇ.

ಸೆಮಿಫೈನಲಿನ ಕೊನೆಯ ರೈಡಿನಲ್ಲಿ ಅವನ ತಂಡದ ಪೃಥ್ವಿರಾಜನ ತಲೆ ಎದುರಾಳಿಯ ಮೊಣಕಾಲಿಗೆ ಬಡಿಯಿತು. ಹುಡುಗ ಪಾಯಿಂಟ್ ತಂದ, ತಂಡ ಗೆದ್ದಿತು, ಶಿಳ್ಳೆಯೋ ಶಿಳ್ಳೆ. ಅವನೂ ನಗುತ್ತ ಎದ್ದು, ತನ್ನದೇ ಎಂಬಂತೆ ನೆಟ್ಟಗೆ ಎದುರಾಳಿ ತಂಡದ ಬೆಂಚಿಗೆ ಹೋಗಿ ಕೂತ. ಅದನ್ನು ಕಂಡವರು ಇಬ್ಬರೇ, ಅಮಿತಾ ಮತ್ತು ಅಂಪೈರ್ ನಾರ್ಬರ್ಟ್.

"ಫೈನಲ್ ಇವನು ಆಡುವ ಹಾಗಿಲ್ಲ ಚನಿಯಣ್ಣ," ಎಂದಳು ಅಮಿತಾ. "ತಲೆಗೆ ಪೆಟ್ಟು ಬಿದ್ದಿದೆ. ಇದರ ಮೇಲೆ ಇನ್ನೊಂದು ಬಿದ್ರೆ ಜೀವಕ್ಕೇ ಅಪಾಯ. ಆಸ್ಪತ್ರೆಗೆ ಕರ್ಕೊಂಡು ಹೋಗುವ."

"ಎಂತ ಅಪಾಯ? ನಾವೆಲ್ಲ ತಲೆ ಒಡ್ಕೊಂಡೇ ಆಡಿದವರು. ಸ್ವಲ್ಪ ಬಾಮ್ ತಿಕ್ಕು, ಯಲ್ಲಾ, ಬೇಗ ಬೇಗ!"

"ತಿಕ್ಕಿದ್ರೆ ಹೋಗುವಂಥದ್ದಲ್ಲ ಇದು."

"ನೀನು ಟೇಪ್ ಸುತ್ತುವವಳು ಮಾರಾಯ್ತಿ, ಡಾಕ್ಟರಲ್ಲ. ಸುಮ್ನೆ ಕೂತ್ಕೋ!"

ಸುತ್ತ ನಿಂತವರು ಕಿಸಕ್ಕೆಂದು ನಕ್ಕರು. "ಫೈನಲಿಗೆ ಬಂದಿರುವ ಆಚೆ ತಂಡ ಇವಳ ಊರಿನದ್ದಲ್ವಾ, ಅದಕ್ಕೇ ಈ ನಾಟಕ" ಎಂದು ಯಾರೋ ಗಟ್ಟಿಯಾಗಿಯೇ ಅಂದರು. ಅಮಿತಾ ನಾರ್ಬರ್ಟನ ಕಡೆ ನೋಡಿದಳು. ಆ ಮಹಾನುಭಾವ ವಿಸಿಲ್ ಒರೆಸಿಕೊಳ್ಳುತ್ತ ನಿಂತಿದ್ದ.

ಫೈನಲಿಗೆ ಕರೆ ಬಂದದ್ದೇ ಪೃಥ್ವಿರಾಜ್ ಎದ್ದು ಅಂಕಣದತ್ತ ಹೊರಟ. ಹೆಜ್ಜೆ ಒಂದು ಕಡೆಗೆ ವಾಲುತ್ತಿತ್ತು. ಅಮಿತಾಳ ಮೈ ಉರಿದುಹೋಯಿತು. ಟೇಪ್ ಕತ್ತರಿಸುವ ಕತ್ತರಿ ಕೈಯಲ್ಲೇ ಇತ್ತು. ಅಡ್ಡ ನುಗ್ಗಿ, ಅವನ ಜೆರ್ಸಿಯ ಅಂಚು ಹಿಡಿದು, ಕೆಳಗಿನಿಂದ ಕುತ್ತಿಗೆಯ ತನಕ ಸರ್ರನೆ ಸೀಳಿಬಿಟ್ಟಳು.

"ಈಗ ಆಡಿಸಿ ನೋಡುವ! ಜೆರ್ಸಿ ಇಲ್ಲ, ಆಟ ಇಲ್ಲ, ಖಲಾಸ್!"

ಅಕ್ಕುವಿನ ಮುಖ ಎರಡು ಹೋಳಾಗಿ ನೇತಾಡುತ್ತಿತ್ತು. "ನನ್ನಮ್ಮನ ಮುಖಕ್ಕೆ ಕತ್ತರಿ ಹಾಕಿದೆಯಲ್ಲ! ನಿನ್ನ ಕೈಗೆ ಹುಳ ಬೀಳ್ಲಿ!" ಎಂದು ಶಪಿಸಿದ ಚನಿಯಣ್ಣ ಎಲ್ಲರೆದುರೇ ಅತ್ತುಬಿಟ್ಟ. ಬೆನ್ನ ಕಡೆಯಿಂದ ಕತ್ತರಿಸಬಹುದಿತ್ತು ಎಂದು ಅಮಿತಾಳಿಗೆ ಹೊಳೆದದ್ದು ಆಗಲೇ. ಆದರೂ ಹುಡುಗನನ್ನು ಟ್ಯಾಕ್ಸಿಗೆ ತುಂಬಿಸಿ ಆಸ್ಪತ್ರೆಗೆ ಒಯ್ದಳು.

ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಇಂಥ ಪೆಟ್ಟು ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಕನಿಷ್ಠ ಎರಡು ವಾರ ಆಡಕೂಡದು, ಮತ್ತೆ ಬಂದು ತೋರಿಸಬೇಕು ಎಂದರು ಡಾಕ್ಟರು. ಫೈನಲ್ ಸೋತವರ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ವಾಟ್ಸಾಪ್ ಗುಂಪಿನಿಂದ ಅಮಿತಾಳನ್ನು ಅವತ್ತೇ ಕಿತ್ತುಹಾಕಿದರು. ಮಂಡಿನೋವಿನ ಹೆಂಗಸರು ಮೆಟ್ರೊದಲ್ಲಿ ಅವಳನ್ನು ಕಂಡರೆ ಕುಂಟುತ್ತಲೇ ಬೇರೆ ಬೋಗಿಗೆ ಹೋಗತೊಡಗಿದರು.

ಮರುವಾರ ಕರಾಮದ ಹೋಟೆಲಿನಲ್ಲಿ ಅವಳು ಊಟಕ್ಕೆ ಕೂತಿದ್ದಾಗ ಪೃಥ್ವಿರಾಜ್ ಎದುರು ಬಂದು ನಿಂತ. ಇವನಾದರೂ ಬಂದನಲ್ಲ ಎಂದು ಅವಳಿಗೆ ಜೀವ ಬಂದ ಹಾಗಾಯಿತು.

"ನನಗೇನೂ ಆಗಿರ್ಲಿಲ್ಲ ಅಮಿತಕ್ಕ. ನಿಮ್ಮ ಊರಿನವರು ಗೆಲ್ಲಲಿ ಅಂತ ನನ್ನನ್ನು ಹೊರಗೆ ಹಾಕಿದ್ರಿ. ನಾಚಿಕೆ ಆಗ್ಬೇಕು ನಿಮಗೆ."

"ಹಾಗಂತ ಯಾರು ಹೇಳಿದ್ದು? ನೀನು ಅಲ್ಲೇ ಇದ್ದೆಯಲ್ಲ ಮಾರಾಯ! ನೀನೇ ಹೇಳು, ಎಂತಾಯ್ತು?"

ಹುಡುಗ ತಡವರಿಸಿದ. "ಬೆಳಿಗ್ಗೆ ಬಸ್ ಹತ್ತಿದ್ದು ನೆನಪುಂಟು. ಆಮೇಲಿನದ್ದು ಎಂತದ್ದೂ ಇಲ್ಲ." ಮರುಕ್ಷಣವೇ ದನಿ ಏರಿಸಿದ. "ಆದ್ರೆ ಅಷ್ಟು ಜನ ಸೇರಿ ಸುಳ್ಳು ಹೇಳ್ತಾರಾ?"

"ಅಯ್ಯೋ ದೇವರೇ! ನೆನಪಿಲ್ಲ ಅಂದ್ರೆ ಪೆಟ್ಟು ಬಿದ್ದದ್ದಕ್ಕೇ ಅಲ್ವಾ ಮಗಾ! ಇನ್ನೂ ಒಂದು ವಾರ ಆಡ್ಲೇಬೇಡ. ನಿನ್ನ ಕಾಲಿಗೆ ಬೀಳ್ತೇನೆ."

"ಸಂಜೆ ಪ್ರಾಕ್ಟೀಸ್ ಉಂಟು. ನಿಮ್ಮ ಅಪ್ಪಣೆ ಯಾರಿಗೆ ಬೇಕು?"

ಪಕ್ಕದ ಮೇಜಿನಲ್ಲಿ ನಾರ್ಬರ್ಟ್ ಇದ್ದ. ಅಮಿತಾ ಅವನ ಕಡೆ ತಿರುಗಿ ಹೆಚ್ಚುಕಡಿಮೆ ಕಿರುಚಿದಳು. "ನಾರ್ಬರ್ಟಣ್ಣ, ಸೆಮಿಫೈನಲ್ ಮುಗಿದ ಮೇಲೆ ಇವನು ಎದುರಾಳಿಗಳ ಬೆಂಚಲ್ಲಿ ಹೋಗಿ ಕೂತದ್ದು ನೀವು ನೋಡಿದ್ದೀರಿ. ಒಂದು ಮಾತು ಹೇಳಿ ಇವನಿಗೆ!"

ನಾರ್ಬರ್ಟ್ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಾನೆಂತದ್ದೂ ನೋಡ್ಲಿಲ್ಲಪ್ಪ," ಎಂದವನೇ ಸಪ್ಲೈಯರನನ್ನು ಕರೆದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.