ಎರಡು ಫರ್ಸಿ ಜಾಗ

ಶಹಾಬಾದಿನ ಖುರ್ಷಿದಬೇಗಂಗೆ ಆ ವಾರ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು.

ಚಳಿಗಾಲದಲ್ಲಿ ಗಂಡ ಅಬ್ದುಲ್ ಕರೀಮನ ಜೊತೆ ಉಮ್ರಾ ಯಾತ್ರೆಗೆ ಹೋಗಬೇಕೆಂಬುದು ಅವಳ ಬಹುದಿನದ ಆಸೆ. ಅಲ್ಲಿ ನಡೆಯುವುದು ಬಹಳ. ಇಲ್ಲಿ ಅಡುಗೆಮನೆಯಿಂದ ಬಾಗಿಲಿಗೆ ಬರುವುದರಲ್ಲೇ ಅವಳಿಗೆ ಏದುಸಿರು ಹತ್ತುತ್ತಿತ್ತು. ಮೊಣಕಾಲು ಬೇರೆ ಸವೆದಿತ್ತು. ಬೀದಿಯಲ್ಲಿ ನಡೆಯೋಣವೆಂದರೆ ಕಲ್ಲಿನ ಲಾರಿಗಳ ಧೂಳು.

"ಎದಿಗಿ ದಿನಾ ಕಸರತ್ತು ಬೇಕು, ಮೊಣಕಾಲಿಗಿ ಪೆಟ್ಟು ಬೀಳಬಾರ್ದು. ಮನ್ಯಾಗ ಇಟ್ಕೊಳ್ಳೋ ಸಣ್ಣ ಮಶೀನ್ ನೋಡ್ರಿ," ಎಂದು ಹೇಳಿ ಡಾಕ್ಟರು ಕೈತೊಳೆದುಕೊಂಡರು. ಯಾವ ಮಶೀನು? ಅದನ್ನೊಂದು ಹೇಳಲಿಲ್ಲ ಪುಣ್ಯಾತ್ಮ.

ಸೇಡಂಗೆ ಕೊಟ್ಟ ಮಗಳು ಹುಮೇರಾ ಫೋನಿನಲ್ಲಿ, "ಅಮ್ಮಿ, ಸ್ಟೆಪ್ಪರ್ ತಗೋರಿ, ಮಂಚದ ಕೆಳಗ ಕುಂದರ್ತದ," ಎಂದಳು.

ವಾಡಿಯಲ್ಲಿ ನೌಕರಿಯಲ್ಲಿದ್ದ ಮಗ ಶಾಹನವಾಜ ಒಪ್ಪಲಿಲ್ಲ. "ಅದು ಮೆಟ್ಟಿಲು ಹತ್ತಿದಂಗ, ಇದ್ದ ಮೊಣಕಾಲೂ ಹೋಗ್ತದ. ನಿಂತಲ್ಲೇ ನಡಿಯೋ ಪಟ್ಟಿ ಮಶೀನ್ ತರ್ತೀನಿ."

ಕುರ್ಚಿಯ ಮೇಲೆ ಕುಳಿತು ತುಳಿಯುವ ಪುಟ್ಟ ಪೆಡಲೊಂದು ಅವಳಿಗೆ ವಿಡಿಯೊದಲ್ಲಿ ಹಿಡಿಸಿತ್ತು. ಕೇಳಿದ್ದಕ್ಕೆ ಮಕ್ಕಳಿಬ್ಬರೂ "ಅದು ಮುದುಕರಿಗಿ" ಎಂದು ನಕ್ಕರು. ತಾನೇನು ಹರೆಯದವಳೇ ಎಂದು ಅವಳಿಗೆ ಗಲಿಬಿಲಿಯಾಯಿತು. ಬೆಳಿಗ್ಗೆ ಸ್ಟೆಪ್ಪರ್ ಸರಿ ಎನಿಸುತ್ತಿತ್ತು, ಮಧ್ಯಾಹ್ನ ಪಟ್ಟಿ, ಸಂಜೆ ಯಾವುದೂ ಬೇಡವೆನಿಸುತ್ತಿತ್ತು. ಕರೀಮನನ್ನು ಕೇಳಿದರೆ "ನಿನಗ ತಿಳದಂಗ ಮಾಡು" ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಇವನಿಗೆ ಉಮ್ರಾದ ಚಿಂತೆಯೇ ಇಲ್ಲವಲ್ಲ ಎಂದು ಅವಳಿಗೆ ಸಿಟ್ಟು ಬರುತ್ತಿತ್ತು.

"ಜಾಗ ಎಷ್ಟದ ಅಮ್ಮಿ?" ಎಂದು ಶಾಹನವಾಜ ಫೋನಿನಲ್ಲಿ ಕೇಳಿದ.

"ಮಂಚಕ್ಕೂ ಅಲ್ಮಾರಿಗೂ ನಡುವ ಎರಡು ಫರ್ಸಿ."

ಶಹಾಬಾದಿನಲ್ಲಿ ಟೇಪು ಯಾರು ಹಿಡಿಯುತ್ತಾರೆ? ನೆಲಕ್ಕೆ ಹಾಸಿದ ಕಲ್ಲು ಎಣಿಸಿದರೆ ಅಳತೆ ಮುಗಿಯಿತು. ಮಗ ವಾಡಿಯ ತನ್ನ ಮನೆಯ ಎರಡು ಫರ್ಸಿ ನೋಡಿ, ಅಷ್ಟುದ್ದದ ಮಶೀನು ಹೊತ್ತು ತಂದ. ಅಲ್ಲಿಯ ಕಲ್ಲು ಹೊಸ ನಮೂನೆಯದು, ದೊಡ್ಡದು. ಇಲ್ಲಿಯದು ಅಜ್ಜನ ಕಾಲದ್ದು, ಸಣ್ಣದು. ಹುಟ್ಟಿ ಬೆಳೆದ ಮನೆಯ ನೆಲವನ್ನೇ ಸಾಹೇಬರು ಮರೆತಿದ್ದರು. ಮಶೀನಿನ ಒಂದು ತುದಿ ಮಂಚದ ಕಾಲಿಗೆ ಬಡಿದು ಮೇಲೆದ್ದು ನಿಂತಿತು.

"ಮಂಚ ಸರಿಸೋಣ ಅಬ್ಬಾ, ಆ ಕಡಿ ಹಿಡೀರಿ," ಎಂದ ಮಗ.

ಕರೀಮ ಹಿಡಿದು ಎತ್ತಿದ. ಎತ್ತಿದವನು ಹಾಗೇ ನೆಲಕ್ಕೆ ಕುಸಿದ. ಹಣೆಯ ತುಂಬ ಬೆವರು, ಕೈ ಎದೆಯ ಮೇಲೆ.

"ಏನ್ ಆಯ್ತ್ರಿ?" ಎಂದು ಅವಳು ಚೀರಿದಳು.

"ಏನಿಲ್ಲ. ಆಗಾಗ ಹಿಂಗ ಹಿಡೀತದ."

"ಯಾವಾಗಿಂದ?"

"ರಂಜಾನ್‌ದಿಂದ. ನೀ ಭಾಳ ಖುಷಿಲಿದ್ದಿ. ಹೇಳಿದ್ರ ಹೋಗೋದೇ ಬ್ಯಾಡ ಅಂತಿದ್ದಿ."

ಖುರ್ಷಿದಬೇಗಂಗೆ ಅಳು ತಡೆಯಲಾಗಲಿಲ್ಲ. ಮನೆಮಂದಿಯೆಲ್ಲ ಅವಳ ಮೊಣಕಾಲನ್ನೇ ನೋಡುತ್ತ ಕುಳಿತಿದ್ದರು; ಗೋಡೆಗೆ ಮುಖ ಮಾಡಿ ಮಲಗುವವನನ್ನು ಅವಳೂ ನೋಡಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಕೆಯಾಯಿತು.

ಆಗಿಂದಾಗಲೇ ಆಸ್ಪತ್ರೆಗೆ ಓಡಿದರು. ಕೆಲವು ದಿನ ಅಲ್ಲೇ ಇಟ್ಟುಕೊಂಡು ಔಷಧ ಕೊಟ್ಟು ಕಳಿಸಿದರು. ವಾರಗಳು ಕಳೆದು ಮತ್ತೆ ತೋರಿಸಿದಾಗ ಡಾಕ್ಟರು, "ಇವರಿಗೂ ಇನ್ನ ಸ್ವಲ್ಪ ಸ್ವಲ್ಪ ಕಸರತ್ತು ಬೇಕು, ಮೆಲ್ಲಗ, ಕುಂತು ಮಾಡೋದು," ಎಂದರು. ಪ್ರಯಾಣದ ಮಾತಿಗೆ "ನೋಡೋಣ" ಎಂದಷ್ಟೇ ಹೇಳಿದರು. ಈ ನೋಡೋಣಕ್ಕೆ ಹೌದೆನ್ನುವ ಅರ್ಥವೋ ಇಲ್ಲವೆನ್ನುವುದೋ ಅವಳಿಗೆ ಇವತ್ತಿಗೂ ಗೊತ್ತಾಗಿಲ್ಲ.

ಪಟ್ಟಿ ಮಶೀನು ಮಗನ ಹಿಂದೆಯೇ ವಾಡಿಗೆ ಹೋಯಿತು. ಮುದುಕರದೆಂದು ಮಕ್ಕಳು ನಕ್ಕಿದ್ದ ಪೆಡಲ್ ಬಂತು. ಕುರ್ಚಿಯ ಮುಂದೆ ಒಂದೇ ಫರ್ಸಿಯ ಮೇಲೆ ಅದು ಕುಳಿತಿತು.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಅವಳು ತುಳಿಯುತ್ತಿದ್ದಳು. ಕರೀಮ ಮಂಚದ ಮೇಲೆ ತನ್ನ ಪಾಳಿಗೆ ಕಾಯುತ್ತಿದ್ದ.

"ಎಲ್ಲಿ ತನಕ ಬಂತು ಸವಾರಿ?"

"ವಾಡಿ ದಾಟೀನಿ. ಚಿತಾಪುರ ಬರಾಕತ್ತದ. ಮುಂದ ಸೇಡಂ, ಆಮ್ಯಾಲೆ ಹೈದರಾಬಾದಿನಾಗ ವಿಮಾನ."

ಅವನು ನಗಲಿಲ್ಲ. "ನನ್ನ ಬಿಟ್ಟು ಹೋಗಬ್ಯಾಡ," ಎಂದ.

ಅವಳು ಕಾಲು ನಿಲ್ಲಿಸಿದಳು. ಎದ್ದು ಅವನ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲೇ ನಿಂತಳು.

"ಬರ್ರಿ ಮೆಲ್ಲಗ. ಚಿತಾಪುರದಾಗ ನಿಂತೀನಿ."