ದೊಡ್ಡಗಂಗಮ್ಮನ ಕುರ್ಚಿಗೆ ಫೋಮು

ಮುಳಬಾಗಿಲು ಬಸ್ ಸ್ಟ್ಯಾಂಡಿನ ಹಿಂದೆ ಕದಿರಪ್ಪ ಹದಿನೆಂಟು ವರ್ಷದಿಂದ ಬಸ್ಸು, ಲಾರಿಗಳ ಸೀಟು ಹೊಲಿಯುತ್ತಿದ್ದ. ಮನೆ ಕುರ್ಚಿ ಅವನ ಕೈಗೆ ಬಂದಿರಲೇ ಇಲ್ಲ. ಎಂಬತ್ಮೂರನೇ ಇಸವಿಯ ಬೇಸಿಗೆಯಲ್ಲಿ ದೇವರಾಯಸಮುದ್ರದ ಶ್ರೀನಿವಾಸಪ್ಪ ಮೇಷ್ಟ್ರು ಗಾಡಿಯಲ್ಲಿ ಒಂದು ತೇಗದ ಕುರ್ಚಿ ತಂದಿಳಿಸಿದರು. ಚಿನ್ನದ ಗಣಿಯ ಇಂಗ್ಲಿಷ್ ದೊರೆಯೊಬ್ಬರ ಬಂಗಲೆ ಸಾಮಾನು ಹರಾಜಾದಾಗ ಮೇಷ್ಟ್ರ ತಂದೆ ಕೊಂಡಿದ್ದು. ಮರ ಗಟ್ಟಿಯಾಗೇ ಇತ್ತು, ಕೂರುವ ಜಾಗ ಮಾತ್ರ ಕುಸಿದಿದ್ದರಿಂದ ಕುರ್ಚಿ ಅಟ್ಟ ಸೇರಿತ್ತು.

"ಅಮ್ಮನಿಗೆ ಮಂಡಿನೋವು, ಚಾಪೆ ಮೇಲೆ ಕೂತರೆ ಏಳೋಕಾಗಲ್ಲ. ಇರೋದ್ರಲ್ಲೇ ಮೆತ್ತನೆ ಫೋಮ್ ಹಾಕಪ್ಪ," ಅಂದರು.

ಕದಿರಪ್ಪ ಮೊಳೆ ಕಿತ್ತು ರೆಕ್ಸಿನ್ ಎತ್ತಿದ. ಅದರಡಿ ಹಸಿರು ಬಟ್ಟೆ, ಬಟ್ಟೆಯಡಿ ಹುಳ ತಿಂದ ಕುದುರೆ ಕೂದಲು, ಅದಕ್ಕೂ ಕೆಳಗೆ ತುಕ್ಕು ಹಿಡಿದ ಒಂಬತ್ತು ಸ್ಪ್ರಿಂಗು. ಒಂದೊಂದನ್ನೂ ಸುತ್ತಲಿಂದ ದಾರ ಎಳೆದು ಕಟ್ಟಿದ್ದರು. ಬಸ್ಸಿನ ಸೀಟಿಗೆ ಹಲಗೆ, ಫೋಮು, ರೆಕ್ಸಿನ್, ಅಷ್ಟೇ. ಇಲ್ಲಿ ಇಷ್ಟೊಂದು ಕೆಲಸ ಯಾಕೆ? ಒಂದು ಗಂಟು ಬಿಚ್ಚಿ ಮತ್ತೆ ಹಾಕಲು ನೋಡಿದ. ಬರಲಿಲ್ಲ. ದಾರವನ್ನು ಎಡಗೈಗೆ ತಗೊಂಡ ಮೇಲೆ ಬಂತು.

ಊಟಕ್ಕೆ ಕರೆಯಲು ಬಂದ ಹೆಂಡತಿ ಶ್ಯಾಮಲಮ್ಮ ಕೇಳಿದಳು, "ಒಬ್ಬರೇ ಏನು ಮಾತಾಡ್ಕೊತಿದ್ದೀರಾ?"

"ಇದನ್ನ ಕಟ್ಟಿದೋನು ಎಡಗೈಯೋನು ಕಣೇ."

ಸ್ಪ್ರಿಂಗು ಉಳಿಯುವ ಹಾಗಿರಲಿಲ್ಲ. ಕೋಲಾರದಿಂದ ಮೆತ್ತಗಿನ ಫೋಮು ತಂದು ತುಂಬಿ, ಕುರ್ಚಿಯನ್ನು ತಾನೇ ಊರಿಗೆ ಮುಟ್ಟಿಸಿದ.

ಮೇಷ್ಟ್ರ ತಾಯಿ ದೊಡ್ಡಗಂಗಮ್ಮ ಕೂತರು. ಕೂತವರು ಹಾಗೇ ಒಳಗಿಳಿದರು, ಮಂಡಿ ಸೊಂಟಕ್ಕಿಂತ ಮೇಲೆ ಬಂತು. ಏಳಲು ಎರಡು ಸಲ ನೋಡಿದರು. ಕೊನೆಗೆ ಮಗ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

"ಚೆನ್ನಾಗಿದೆಯಪ್ಪ," ಅಂದರು ಮುದುಕಿ, ಅವನ ಮುಖ ನೋಡದೆ.

ಕದಿರಪ್ಪನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ತಪ್ಪಿದ್ದೆಲ್ಲಿ ಅಂತ ತಿಳಿಯಬೇಕಿತ್ತು.

"ಎಲ್ಲಿ ಕೂತ್ರೆ ನಿಮಗೆ ಸಲೀಸಾಗಿ ಏಳೋಕಾಗುತ್ತೆ, ಅಮ್ಮಾ?"

ಅವರು ಹೊರಗೆ ಬಂದು ಜಗಲಿ ತೋರಿಸಿದರು. ಅಂಚಿನ ಕಲ್ಲಿನ ಮೇಲೆ ನಾಲ್ಕು ಮಡಿಕೆ ಮಾಡಿದ ಕಂಬಳಿ. "ಇಲ್ಲಿ ಯಾರ ಕೈನೂ ಬೇಕಾಗಿಲ್ಲ." ಕೂತು ಎದ್ದೂ ತೋರಿಸಿದರು. ಕದಿರಪ್ಪ ಕಂಬಳಿಯನ್ನು ಅಂಗೈಯಲ್ಲಿ ಒತ್ತಿ ನೋಡಿದ, ನೆಲದಿಂದ ಎತ್ತರವನ್ನು ದಾರದಲ್ಲಿ ಅಳೆದು ಗಂಟು ಹಾಕಿಕೊಂಡ. ಕುರ್ಚಿ ವಾಪಸ್ ಗಾಡಿ ಹತ್ತಿತು.

ಮಾರನೇ ದಿನ ಕೋಲಾರದ ಅಂಗಡಿಯಲ್ಲಿ ಫೋಮಿನ ತುಂಡುಗಳನ್ನು ನೆಲಕ್ಕೆ ಹಾಕಿ ಒಂದೊಂದರ ಮೇಲೂ ಕೂತು ಎದ್ದ.

"ಏಮಪ್ಪಾ, ಫೋಮು ಕೊಳ್ಳೋಕೆ ಬಂದ್ಯೋ, ಬಸ್ಕಿ ಹೊಡೆಯೋಕೋ?" ಅಂದ ಅಂಗಡಿಯ ಮುನಿಕೃಷ್ಣಪ್ಪ.

"ಎರಡೂ," ಅಂದ ಕದಿರಪ್ಪ.

ಮೆತ್ತಗಿದ್ದದ್ದು ಬೆರಳಿಗೆ ಹಿತ, ಕೂತರೆ ತಳ ಸಿಗುತ್ತಿತ್ತು. ಬೆರಳಿಗೆ ಒರಟೆನಿಸಿದ್ದು ಮೈಭಾರ ತಡೆಯುತ್ತಿತ್ತು. ನಾಲ್ಕಿಂಚಿನ ಗಟ್ಟಿ ಫೋಮು ಕೆಳಗೆ, ಒಂದಿಂಚಿನ ಮೆತ್ತನೆಯದು ಮೇಲೆ ಹಾಕಿ, ಎತ್ತರವನ್ನು ದಾರದ ಗಂಟಿಗೆ ಸರಿಮಾಡಿದ. ರೆಕ್ಸಿನ್ ಬಿಟ್ಟು ದಪ್ಪ ಹತ್ತಿ ಬಟ್ಟೆ ಹೊದಿಸಿದ, ಸೆಕೆಯಲ್ಲಿ ಅಂಟಬಾರದಲ್ಲ.

ದೊಡ್ಡಗಂಗಮ್ಮ ಈ ಸಲ ಅನುಮಾನದಿಂದಲೇ ಕೂತರು. ಪಾದ ನೆಲಕ್ಕೆ ಊರಿತು. ಕುರ್ಚಿ ಕೈ ಹಿಡಿದು ಎದ್ದರು. ಮತ್ತೆ ಕೂತು ಮತ್ತೆ ಎದ್ದರು.

"ಅಮ್ಮಾ, ಸಾಕು," ಅಂದರು ಮೇಷ್ಟ್ರು.

"ನೀನು ಸುಮ್ನಿರಪ್ಪ." ಇನ್ನೊಂದು ಸಲ ಕೂತೆದ್ದು ಕದಿರಪ್ಪನ ಕಡೆ ತಿರುಗಿದರು. "ಬಿಸಿಲಲ್ಲಿ ಬಂದಿದ್ದೀಯ. ಇರು, ಮಜ್ಜಿಗೆ ತರ್ತೀನಿ."

ಮಗ ತಾನು ತರುತ್ತೇನೆಂದು ಏಳುವಷ್ಟರಲ್ಲಿ ಅವರು ಅಡುಗೆಮನೆ ಹೊಸಲು ದಾಟಿದ್ದರು.